ಚರ್ಚಿನ ಎದುರಿನ ಬಸ್ ಸ್ಟಾಪು

ಹಳೆಯ ಕಾರನ್ನು ಮಾರಲು ಇಟ್ಟಿದ್ದೆ. ನೋಡಲು ಬಂದವಳು ಇಲ್ಲಿನ ಯೂನಿವರ್ಸಿಟಿಯಲ್ಲಿ ಓದುತ್ತಿರುವ ದಾವಣಗೆರೆಯ ಹುಡುಗಿ. ಬಾನೆಟ್ ಎತ್ತಿ ಗಂಭೀರವಾಗಿ ಒಳಗೆ ಇಣುಕಿದಳು, ಟೈರಿಗೆ ಕಾಲಿನಿಂದ ಒಂದೇಟು ಕೊಟ್ಟಳು. ಕಾರಿನ ಬಗ್ಗೆ ನನಗೆ ಗೊತ್ತಿರುವಷ್ಟೇ ಅವಳಿಗೂ ಗೊತ್ತು ಎಂದು ಸಮಾಧಾನವಾಯಿತು. ಆಮೇಲೆ ಡಿಕ್ಕಿ ತೆಗೆದು ಮೂಗು ಅರಳಿಸಿ, "ಮೇಡಂ, ಇದ್ರಾಗೆ ಪೂಜೆ ಗೀಜೆ ಮಾಡ್ತಿದ್ರಾ? ಲೋಬಾನದ ವಾಸ್ನೆ ಬರ್ತೈತಲ್ಲ," ಎಂದಳು.

ನನಗೂ ಬಂತು. ಸ್ಪೇರ್ ಟೈರಿನ ಮೇಲಿದ್ದ ಮ್ಯಾಟ್ ಎತ್ತಿದರೆ ಕೆಳಗೆ ಮಡಿಸಿಟ್ಟ ಬಿಳಿ ಬಟ್ಟೆ. ತೆಳ್ಳಗಿನ ಹತ್ತಿಯ ಹೊದಿಕೆ, ನಮ್ಮ ಕಡೆ ಗಂಡಸರು ಹೆಗಲಿಗೆ ಹಾಕಿಕೊಳ್ಳುವ ಶಲ್ಯದಂಥದ್ದು. ಅಂಚಿಗೆ ಕೆಂಪು ಹಸಿರು ದಾರದ ಕಸೂತಿ. ಒಂದು ಮೂಲೆಯಲ್ಲಿ ಚಿಕ್ಕ ಗಂಟು. ವಾಸನೆ ಆ ಗಂಟಿನದು. ಇಷ್ಟು ವರ್ಷ ಅದರ ಮೇಲೇ ಅಕ್ಕಿ ಚೀಲ, ನೀರಿನ ಕೇಸು ಹೇರಿಕೊಂಡು ಊರೆಲ್ಲ ಓಡಾಡಿದ್ದೇನೆ, ಒಂದು ದಿನವೂ ನೆನಪಾಗಿ ಮ್ಯಾಟ್ ಎತ್ತಿ ನೋಡಿರಲಿಲ್ಲ. ಗಂಟನ್ನು ಮೂಗಿನ ಹತ್ತಿರ ಹಿಡಿದೆ, ಮನೆ ಓನರ್ ಆಂಟಿ ಪಕ್ಕದ ಸೀಟಿನಲ್ಲಿ ಬಂದು ಕೂತ ಹಾಗಾಯಿತು...

ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ಅವರ ಮನೆಯ ಹಿಂದಿನ ಗ್ಯಾರೇಜಿಗೆ ಒಂದು ಅಡುಗೆ ಕಟ್ಟೆ, ಒಂದು ಬಾತ್‌ರೂಮು ಸೇರಿಸಿ ಮನೆ ಎಂದು ಹೆಸರಿಟ್ಟಿದ್ದರು. ನಾನೂ ನನ್ನ ಗಂಡನೂ ಅದಕ್ಕೆ ಬಾಡಿಗೆಗೆ ಬಂದೆವು. ಅವರು ಇಥಿಯೋಪಿಯಾದವರು, ವಿಧವೆ, ಅರವತ್ತೈದು ದಾಟಿದ್ದ ತೆಳ್ಳನೆಯ ಹೆಂಗಸು. ಒಂದು ಹೋಟೆಲಿನ ಲಾಂಡ್ರಿಯಲ್ಲಿ ದುಡಿದು ರಿಟೈರ್ ಆಗಿದ್ದರು. ಮನೆ ಕೇಳಲು ಹೋದ ದಿನ ಕ್ರೆಡಿಟ್ ಸ್ಕೋರ್ ಕೇಳಲಿಲ್ಲ, ಪೇ ಸ್ಲಿಪ್ ಕೇಳಲಿಲ್ಲ. "ಇಂಡಿಯಾದವರಾ? ನನಗೆ ಸ್ಕೂಲಿನಲ್ಲಿ ಲೆಕ್ಕ ಕಲಿಸಿದ್ದು ಇಂಡಿಯಾದ ಮೇಷ್ಟ್ರು. ಕಿವಿ ಹಿಂಡುತ್ತಿದ್ದರು," ಎಂದು ಬೀಗದ ಕೈ ಕೊಟ್ಟರು. ಆ ಮೇಷ್ಟ್ರು ಹಿಂಡಿದ ಕಿವಿಯ ಪುಣ್ಯದಿಂದ ನಮಗೆ ಮನೆ ಸಿಕ್ಕಿತು.

ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಬ್ಬರದೂ ಹೊರಗಿನ ಇಂಗ್ಲಿಷ್ ಆದ್ದರಿಂದ ಯಾರಿಗೂ ನಾಚಿಕೆ ಇರಲಿಲ್ಲ. ನಾನು ಆಂಟಿ ಎನ್ನುತ್ತಿದ್ದೆ, ಅವರು ಮಗಳೇ ಎನ್ನುತ್ತಿದ್ದರು. ಅವರಿಗೆ ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಉಪವಾಸ. ಉಪವಾಸ ಎಂದರೆ ಹಾಲು, ಮೊಟ್ಟೆ, ಮೀನು, ಮಾಂಸ ಬಿಟ್ಟು ಊಟ. ನಾನು ಕುಂದಾಪುರದವಳು, ಮೀನು ಹುರಿಯದೆ ವಾರ ಕಳೆಯುವವಳಲ್ಲ. ಬಾಣಲೆ ಚುರ್ ಎಂದರೆ ಸಾಕು, ಹಿತ್ತಲಿನ ಆಚೆಯಿಂದ ಫೋನಿಗೆ ಮೆಸೇಜ್ ಬರುತ್ತಿತ್ತು: ಇವತ್ತು ಉಪವಾಸ, ನನ್ನನ್ನು ಪಾಪಕ್ಕೆ ಎಳೆಯಬೇಡ.

ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ನನ್ನ ಗಂಡ ವೀಸಾ ಸ್ಟಾಂಪಿಂಗಿಗೆಂದು ಊರಿಗೆ ಹೋದ. ಮಾರ್ಚಿನಲ್ಲಿ ಕೊರೋನಾ ಬಂದು ಕಾನ್ಸುಲೇಟು ಮುಚ್ಚಿತು. ಅವನು ಬರುವಂತಿಲ್ಲ. ನಾನು ಹೋಗಬಹುದಿತ್ತು, ಆದರೆ ಹೋದರೆ ನನಗೂ ಅದೇ ಸ್ಟಾಂಪು ಬೇಕು, ಆಮೇಲೆ ಇಬ್ಬರೂ ಅಲ್ಲೇ, ಕೆಲಸ ಇಲ್ಲಿ. ಸೊರೆಂಟೊ ವ್ಯಾಲಿಯ ನನ್ನ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಎಂದರು. ಹೀಗೆ ನಾನು, ಒಂದು ಲ್ಯಾಪ್‌ಟಾಪು, ಟೆಸ್ಟ್ ಮಾಡಲು ಕಳಿಸಿದ್ದ ಒಂದು ರಾಶಿ ಫೋನುಗಳು ಆ ಗ್ಯಾರೇಜಿನಲ್ಲಿ ಉಳಿದೆವು. ಅದಕ್ಕೆ ಇದ್ದದ್ದು ಒಂದೇ ಕಿಟಕಿ, ಆ ಕಿಟಕಿಗೆ ಕಾಣುತ್ತಿದ್ದದ್ದು ಬೇಲಿಯ ಹಲಗೆ. ಗಂಡನೊಡನೆ ಫೋನಿನಲ್ಲಿ ಮೊದಮೊದಲು ಅತ್ತೆ, ಆಮೇಲೆ ಜಗಳವಾಡಿದೆ, ಆಮೇಲೆ ಇಬ್ಬರಿಗೂ ಹೇಳಲು ಏನೂ ಉಳಿಯದೆ ಕ್ಯಾಮೆರಾದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತಿದ್ದೆವು.

ಬೇಸಿಗೆ ಕಳೆಯುವ ಹೊತ್ತಿಗೆ ಒಂದು ಶನಿವಾರ ಆಂಟಿ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಹಸಿ ಕಾಫಿ ಬೀಜ ಹುರಿಯುತ್ತ, "ನಾಳೆ ನನ್ನನ್ನು ಲಾಸ್ ಏಂಜಲಿಸ್‌ಗೆ ಕರೆದುಕೊಂಡು ಹೋಗುತ್ತೀಯಾ? ನಾನು ಫ್ರೀವೇನಲ್ಲಿ ಓಡಿಸುವುದಿಲ್ಲ," ಎಂದರು.

"ಎಲ್ಲಿಗೆ ಆಂಟಿ?"

"ಒಂದು ಬಸ್ ಸ್ಟಾಪಿಗೆ."

"ಬಸ್ಸಿನಲ್ಲಿ ಯಾಕೆ ಹೋಗ್ತೀರಿ? ನೀವು ಹೋಗೋ ಜಾಗಕ್ಕೇ ಬಿಡ್ತೀನಿ."

"ನಾನು ಹೋಗುವ ಜಾಗ ಬಸ್ ಸ್ಟಾಪೇ," ಎಂದು ಅವರು ಬೀಜ ಆಡಿಸಿದರು. ಪಾಪ, ಒಂಟಿಯಾಗಿದ್ದು ತಲೆ ಕೆಟ್ಟಿರಬೇಕು ಎಂದುಕೊಂಡೆ. ಆದರೂ ಒಪ್ಪಿದೆ. ಬೇಲಿಯ ಹಲಗೆ ಬಿಟ್ಟು ಬೇರೆ ಏನಾದರೂ ನೋಡಲು ಸಿಕ್ಕಿದರೆ ಸಾಕಾಗಿತ್ತು ನನಗೆ.

ಫೈವ್ ನಂಬರಿನ ಫ್ರೀವೇನಲ್ಲಿ ಅಷ್ಟು ಖಾಲಿ ರಸ್ತೆಯನ್ನು ನಾನು ಮತ್ತೆ ನೋಡಿಲ್ಲ. ಸ್ಯಾನ್ ಕ್ಲೆಮೆಂಟೆ ಹತ್ತಿರ ಇಮಿಗ್ರೇಶನ್ ಚೆಕ್ ಪಾಯಿಂಟ್ ಬರುತ್ತದೆಂದು ನಾನು ಪಾಸ್‌ಪೋರ್ಟು, ವೀಸಾ ಕಾಗದ ಎಲ್ಲ ಒಂದು ಫೈಲಿನಲ್ಲಿಟ್ಟು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಅಲ್ಲಿ ಯಾರೂ ನಿಲ್ಲಿಸಲಿಲ್ಲ. ಆಂಟಿ ಫೈಲನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿ, "ನಾನೂ ಹೀಗೆ ಇದ್ದೆ," ಎಂದರು.

ಅವರು ತೋರಿಸಿದ ರಸ್ತೆಯಲ್ಲಿ, ಹಿಂದೊಮ್ಮೆ ಫರ್ನಿಚರ್ ಅಂಗಡಿಯಾಗಿದ್ದಿರಬೇಕಾದ ಉದ್ದನೆಯ ಕಟ್ಟಡ. ಅದರ ಮಾಡಿನ ಮೇಲೊಂದು ಶಿಲುಬೆ. ಅವರ ಚರ್ಚು. ಬಾಗಿಲು ಮುಚ್ಚಿತ್ತು, ಆಗ ಎಲ್ಲ ಚರ್ಚು, ದೇವಸ್ಥಾನಗಳೂ ಸರ್ಕಾರದ ಆರ್ಡರಿನಲ್ಲಿ ಮುಚ್ಚಿದ್ದವು. ಒಳಗೆ ಪಾದ್ರಿ ಮತ್ತು ನಾಲ್ಕಾರು ಜನ ಮಾತ್ರ, ಹೊರಗೆ ಒಂದು ಸಣ್ಣ ಸ್ಪೀಕರಿನಲ್ಲಿ ಪ್ರಾರ್ಥನೆ. ರಸ್ತೆಯ ಈಚೆ ಬಸ್ ಸ್ಟಾಪು. ಆಂಟಿ ಕಾರಿನಿಂದ ಇಳಿಯುವ ಮೊದಲು ಬಿಳಿ ಹೊದಿಕೆಯನ್ನು ಎರಡೂ ಹೆಗಲ ಮೇಲಿಂದ ಶಿಲುಬೆಯ ಹಾಗೆ ಅಡ್ಡ ಹೊದ್ದುಕೊಂಡರು. "ಚರ್ಚಿಗೆ ಹೀಗೆ. ಊಟ ತಿಂಡಿಗೆ ಹೋಗುವಾಗ ಒಂದೇ ಹೆಗಲು. ಸಾವಿನ ಮನೆಗೆ ಹೋಗುವಾಗ ತಿರುಗಿಸಿ, ಬಣ್ಣದ ಅಂಚು ಕುತ್ತಿಗೆಗೆ ಬರಬೇಕು," ಎಂದು ಮಗುವಿಗೆ ಹೇಳುವಂತೆ ಹೇಳಿ ಹೋಗಿ ಬೆಂಚಿನ ಮೇಲೆ ಕೂತರು. ಬಸ್ಸು ಬಂತು. ಡ್ರೈವರ್ ಬಾಗಿಲು ತೆರೆದ. ಇವರು ಕೈ ಅಲ್ಲಾಡಿಸಿದರು. ಬಸ್ಸು ಹೋಯಿತು. ಇನ್ನೊಂದು ಬಂತು, ಅದಕ್ಕೂ ಕೈ ಅಲ್ಲಾಡಿಸಿದರು. ತುಟಿ ಮಾತ್ರ ಸ್ಪೀಕರಿನ ಜೊತೆ ಆಡುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ಎದ್ದು ಬಂದು, "ಹೋಗೋಣ," ಎಂದರು.

ಬರುವಾಗ ಟೊರೆನ್ಸಿನಲ್ಲಿ ಒಂದು ಮರದ ನೆರಳಿಗೆ ಕಾರು ನಿಲ್ಲಿಸಿ ಅವರು ಕಟ್ಟಿಕೊಂಡು ಬಂದಿದ್ದ ಬುತ್ತಿ ಬಿಚ್ಚಿದೆವು. ಹುಳಿ ಬರಿಸಿದ ಹಿಟ್ಟಿನ ದೋಸೆಯಂಥದ್ದು, ಜೊತೆಗೆ ಬೇಳೆಯ ಗಟ್ಟಿ ಸಾರು. ಅಲ್ಲಿ ಅವರು ತಾವಾಗಿಯೇ ಬಾಯಿ ಬಿಟ್ಟರು.

ಒಳಗಿದ್ದ ಪಾದ್ರಿ ಅವರ ಅಣ್ಣ. ಎಪ್ಪತ್ತು ದಾಟಿದವರು, ಹೃದಯ ಕೈಕೊಡುತ್ತಿದೆ ಎಂದು ಯಾರೋ ಪರಿಚಯದವರು ಫೋನ್ ಮಾಡಿ ತಿಳಿಸಿದ್ದರು. ಅಣ್ಣ ತಂಗಿ ಮಾತು ಬಿಟ್ಟು ಅರ್ಧ ಆಯುಷ್ಯ ಕಳೆದಿತ್ತು.

ಅವರ ಅಪ್ಪನೂ ಪಾದ್ರಿ. ಬೆಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ಚರ್ಚು, ಸುತ್ತಲ ಹೊಲವೆಲ್ಲ ಚರ್ಚಿನದು. ಉಳುವವರು ಬೇರೆ. ಬೆಳೆದದ್ದರಲ್ಲಿ ಪಾಲು ತಂದು ಪಾದ್ರಿಯ ಅಂಗಳದಲ್ಲಿ ಸುರಿಯಬೇಕು, ಪಾದ್ರಿ ಬಂದರೆ ಹೊಲದಿಂದಲೇ ಬಗ್ಗಬೇಕು. ಆ ಪಾದ್ರಿಯ ಮಗಳು, ಆಗಿನ ನಮ್ಮ ಆಂಟಿ, ಓದಲು ಪಟ್ಟಣಕ್ಕೆ ಹೋದಳು. ಅಲ್ಲಿ ವಿದ್ಯಾರ್ಥಿಗಳೆಲ್ಲ ಬೀದಿಯಲ್ಲಿ ಕೂಗುತ್ತಿದ್ದದ್ದು ಒಂದೇ ಮಾತು, ಉಳುವವನಿಗೆ ಭೂಮಿ. ಇವಳೂ ಕೂಗಿದಳು. ಚಕ್ರವರ್ತಿಯನ್ನು ಇಳಿಸಿ ಸೈನಿಕರ ಕಮಿಟಿ ಸರ್ಕಾರ ಹಿಡಿಯಿತು. ಭೂಮಿಯೆಲ್ಲ ಜನರದ್ದು ಎಂದು ಆರ್ಡರು ಬಂತು. ಅದನ್ನು ಓದಿ ಹೇಳಲು, ಓದು ಬರಹ ಕಲಿಸಲು ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಅಟ್ಟಿದರು. ಇವಳು ನನ್ನೂರಿಗೇ ಕಳಿಸಿ ಎಂದು ಕೇಳಿಕೊಂಡಳು. ಯಾರೋ ಒರಟರು ಹೋಗಿ ಕೂಗುವ ಬದಲು ತಾನೇ ಹೋದರೆ ಅಪ್ಪನಿಗೆ ಮೆತ್ತಗೆ ತಿಳಿಸಬಹುದು ಎಂಬ ಲೆಕ್ಕ.

"ಭಾನುವಾರ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ಓದಿದೆ. ಅಪ್ಪ ನನ್ನ ಪಕ್ಕದಲ್ಲೇ ಇದ್ದ. ನಮ್ಮ ಪಾದ್ರಿಗಳಿಗೆ ಮಖಮಲ್ಲಿನ ಕೊಡೆ ಇರುತ್ತದೆ, ಬಂಗಾರದ ಜಾಲರಿಯದ್ದು. ನಾನು ಓದಿ ಮುಗಿಸುವವರೆಗೆ ಅದನ್ನು ಹಿಡಿದು ನಿಂತಿದ್ದ. ಆಮೇಲೆ ಮಡಿಸಿದ, ಬಿಸಿಲಿನಲ್ಲಿ ನಡೆದುಕೊಂಡು ಹೋದ. ನನಗೆ ಆಗ ಇಪ್ಪತ್ತು ವರ್ಷ. ಬಹಳ ಚೆನ್ನಾಗಿ ಓದಿದೆ ಎಂದುಕೊಂಡಿದ್ದೆ."

ಉಳುವವರಿಗೆಲ್ಲ ಹೊಲ ಹಂಚಿದರು. ಪಾದ್ರಿಗೂ ಎಲ್ಲರಂತೆ ಒಂದು ತುಂಡು. ಮುದುಕ ನೇಗಿಲು ಹಿಡಿದು ಕಲಿತ. ಬಗ್ಗುವುದು ನಿಂತಿತು, ರೈತರ ಹೆಣ್ಣುಮಕ್ಕಳು ಅಕ್ಷರ ಕಲಿತರು, ಅದನ್ನು ಹೇಳುವಾಗ ಆಂಟಿಯ ಮುಖ ಇಪ್ಪತ್ತರ ಹುಡುಗಿಯದಾಗುತ್ತಿತ್ತು. ಆದರೆ ಸರ್ಕಾರ ಹೊಲಕ್ಕೆ ನಿಲ್ಲಲಿಲ್ಲ. ಚರ್ಚಿನ ದೊಡ್ಡ ಗುರುಗಳನ್ನು ತೆಗೆದು ತನಗೆ ಬೇಕಾದವರನ್ನು ಕೂರಿಸಿತು. ಬೀದಿ ಬೀದಿಗೆ ಒಂದು ಕಮಿಟಿ ಮಾಡಿತು. ರೇಷನ್ ಅದರ ಕೈಯಲ್ಲಿ, ಮನೆ ಅದರ ಕೈಯಲ್ಲಿ, ಯಾರ ಮನೆಗೆ ಯಾರು ಬಂದರು ಎನ್ನುವುದೂ ಅದರ ಕೈಯಲ್ಲಿ. ಆ ಕಮಿಟಿಯ ಮೀಟಿಂಗು ಭಾನುವಾರ ಬೆಳಿಗ್ಗೆ, ಸರಿಯಾಗಿ ಪೂಜೆಯ ಹೊತ್ತಿಗೆ. ಬರದವರ ಹೆಸರು ಬರೆದುಕೊಳ್ಳುತ್ತಿದ್ದರು. ಪಟ್ಟಣದಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದ್ದ ಆಂಟಿ ಚರ್ಚಿನೊಳಗೆ ಕಾಣಿಸಿಕೊಂಡರೆ ಕೆಲಸ ಹೋದ ಹಾಗೆಯೇ. ಅದಕ್ಕೇ ಮೀಟಿಂಗ್ ಮುಗಿಸಿಕೊಂಡು, ಪೂಜೆಯ ಕೊನೆಯ ಭಾಗಕ್ಕಾದರೂ ಚರ್ಚಿನ ಎದುರಿನ ಬಸ್ ಸ್ಟಾಪಿಗೆ ಬಂದು ನಿಲ್ಲುತ್ತಿದ್ದರು. ಬಸ್ಸಿಗೆ ಕಾಯುವವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕಣ್ಣು ರಸ್ತೆಯ ಮೇಲೆ, ಪ್ರಾರ್ಥನೆ ಬಾಯೊಳಗೆ. ವರ್ಷಗಟ್ಟಲೆ ಅವರ ದೇವರು ರಸ್ತೆಯ ಆಚೆ ಬದಿಯಲ್ಲಿದ್ದ.

"ನಾವೇ ಕೂಗಿ ಕರೆದ ಸರ್ಕಾರ," ಎಂದರು. "ಬೈಯಲೂ ಆಗುತ್ತಿರಲಿಲ್ಲ, ಹೊಗಳಲೂ ಆಗುತ್ತಿರಲಿಲ್ಲ."

ಅಪ್ಪ ಸತ್ತ ಮೇಲೆ ಅಣ್ಣ ಗಡಿ ದಾಟಿ, ಎಲ್ಲೆಲ್ಲೋ ಅಲೆದು ಲಾಸ್ ಏಂಜಲಿಸ್ ಸೇರಿ ಪಾದ್ರಿಯಾದರು. ಎಷ್ಟೋ ವರ್ಷದ ಮೇಲೆ ಗಂಡನ ಜೊತೆ ಇವರು ಸ್ಯಾನ್ ಡಿಯಾಗೋಗೆ ಬಂದರು. ಅಣ್ಣ ಹೇಳಿ ಕಳಿಸಿದ್ದು ಒಂದೇ ಮಾತು: ಚರ್ಚಿನಲ್ಲಿ ಎಲ್ಲರ ಮುಂದೆ ನಿಂತು, ಅಂದು ನಾನು ಮಾಡಿದ್ದು ತಪ್ಪು ಎನ್ನಲಿ, ಆಮೇಲೆ ಒಳಗೆ ಬರಲಿ.

"ಹೇಳಿಬಿಡಿ ಆಂಟಿ," ಎಂದೆ ನಾನು. "ಅವರಿಗೆ ಹುಷಾರಿಲ್ಲ. ಒಂದು ಮಾತು ತಾನೆ?"

"ನಮ್ಮ ಹೊಲ ಉಳುತ್ತಿದ್ದವನ ಬೆನ್ನು ನಾನು ನೋಡಿದ್ದೇನೆ. ಅವನ ಮಗಳು ನನ್ನ ಹತ್ತಿರ ಅಕ್ಷರ ಕಲಿತಳು. ತಪ್ಪು ಅಂದರೆ ಅವರಿಗೆ ಏನು ಹೇಳಿದ ಹಾಗಾಯಿತು? ದೇವರ ಬಾಗಿಲಿನಿಂದ ಒಳಗೆ ಹೋಗಬೇಕು ಅಂತ ಆ ಬಾಗಿಲಲ್ಲೇ ಸುಳ್ಳು ಹೇಳಲಾ?"

ಹೇಳಿದರೆ ಸುಳ್ಳು, ಹೇಳದಿದ್ದರೆ ಅಣ್ಣನ ಮುಖ ಮತ್ತೆ ಸಿಗುವುದಿಲ್ಲ. ನನ್ನ ವೀಸಾದ ಗೋಳು ಅವತ್ತು ಮೊದಲ ಬಾರಿಗೆ ನನಗೇ ಸಣ್ಣದಾಗಿ ಕಂಡಿತು. ನನ್ನ ಬಾಗಿಲು ಇವತ್ತಲ್ಲ ನಾಳೆ ಯಾವನಾದರೂ ಆಫೀಸರು ತೆಗೆಯುತ್ತಾನೆ. ಇವರದ್ದನ್ನು ತೆಗೆಯಲು ಆಫೀಸರಿಲ್ಲ.

ಸುಮ್ಮನಿರಲಾರದೆ ನಮ್ಮಜ್ಜನ ಕತೆ ಹೇಳಿದೆ. ಅಜ್ಜ ಊರಿನ ದೇವಸ್ಥಾನದ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ನಮ್ಮಲ್ಲೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ ಉಳುವವನೇ ಒಡೆಯ ಎಂದು ಕಾನೂನು ಬಂತು. ರಕ್ತಪಾತ ಇಲ್ಲ, ಸೈನಿಕರಿಲ್ಲ. ತಾಲೂಕು ಆಫೀಸಿಗೆ ಹೋಗಿ ಡಿಕ್ಲರೇಶನ್ ಕೊಟ್ಟು ಬಂದರೆ ಆಯಿತು. ಅಜ್ಜ ಕೊಟ್ಟ. ಗದ್ದೆ ಅವನ ಹೆಸರಿಗಾಯಿತು. ಆ ಗದ್ದೆಯ ಅಕ್ಕಿಯಲ್ಲೇ ಅಪ್ಪ ಓದಿದ್ದು, ನಾನು ಇಲ್ಲಿ ಬಂದು ಕೂತದ್ದು.

"ದೇವರ ಭೂಮಿ ತೆಗೆದುಕೊಂಡ ಮೇಲೆ ದೇವರಿಗೆ ಊಟ?"

"ಸರ್ಕಾರ ವರ್ಷಕ್ಕಿಷ್ಟು ಅಂತ ಕೊಡುತ್ತೆ ಆಂಟಿ. ತಸ್ತೀಕು ಅಂತಾರೆ."

ಆಂಟಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ನಮ್ಮಲ್ಲೂ ಕೊಟ್ಟರು. ದೇವರನ್ನು ಸಂಬಳಕ್ಕೆ ಇಟ್ಟುಕೊಂಡರು." ಆಮೇಲೆ ನಗು ನಿಲ್ಲಿಸಿ, "ನಿನ್ನ ಅಜ್ಜನಿಗೆ ಹೆದರಿಕೆ ಆಗಲಿಲ್ಲವಾ?" ಎಂದು ಕೇಳಿದರು.

ಹೆದರಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೇ. ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಅಜ್ಜ ಭತ್ತ ಕುಟ್ಟಿಸಿ, ಹುಲ್ಲಿನಲ್ಲಿ ಒಂದು ಮುಡಿ ಅಕ್ಕಿ ಬಿಗಿದು ಕಟ್ಟಿ, ಹೊತ್ತುಕೊಂಡು ಹೋಗಿ ದೇವಸ್ಥಾನದ ಹೊರಗಿನ ಜಗಲಿಯಲ್ಲಿ ಇಟ್ಟು ಬರುತ್ತಿದ್ದ. ಡಿಕ್ಲರೇಶನ್ ಕೊಟ್ಟ ಸಿಟ್ಟಿಗೆ ಮೊಕ್ತೇಸರರು ಮೊದಲ ವರ್ಷ ಅದನ್ನು ವಾಪಸು ಕಳಿಸಿದರು. ಅಜ್ಜ ಮರುದಿನ ಮತ್ತೆ ಹೊತ್ತುಕೊಂಡು ಹೋದ. ಗದ್ದೆ ಬಿಟ್ಟುಕೊಡಲಿಲ್ಲ, ಅಕ್ಕಿ ಕೊಡುವುದೂ ಬಿಡಲಿಲ್ಲ. ಕೊಡಬೇಕಾಗಿಲ್ಲವಲ್ಲ ಎಂದು ಅಪ್ಪ ರೇಗಿದರೆ ಅಜ್ಜ ಹೇಳುತ್ತಿದ್ದದ್ದು, "ಕೊಡೂಕಾಗ ಅಂದೇಳಿ ಕಾನೂನಲ್ ಬರ್ದಿತ್ತಾ?"

ಹೊತ್ತು ಕಳೆಯಲು ಹೇಳಿದ ಮನೆ ಮಾತು. ಆಂಟಿ ಬುತ್ತಿಯ ಡಬ್ಬಿ ಮುಚ್ಚಿದರು. ಮನೆ ತಲುಪಿದ ಮೇಲೆ ಗೇಟಿನ ಹತ್ತಿರ ನಿಂತು, "ವಾಪಸು ಕಳಿಸಿದರೂ ಮತ್ತೆ ಕೊಟ್ಟನಾ?" ಎಂದು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು.

ಮುಂದಿನ ಭಾನುವಾರ ಕಾರಿನ ಹತ್ತಿರ ಬಂದಾಗ ಅವರ ಕಂಕುಳಲ್ಲಿ ಒಂದು ಗಂಟು. ಬಿಳಿ ಹೊದಿಕೆಯಲ್ಲಿ ಕಟ್ಟಿದ ತೆಫ್, ರಾಗಿಗಿಂತಲೂ ಸಣ್ಣ ಕಾಳು, ಅವರ ಊರಿನ ಊಟವೆಲ್ಲ ಅದರದ್ದೇ. ಅಪ್ಪನ ಅಂಗಳಕ್ಕೆ ರೈತರು ತಂದು ಸುರಿಯುತ್ತಿದ್ದದ್ದೂ ಅದನ್ನೇ.

"ನಾನು ಆರ್ಡರು ಓದಿದ ವರ್ಷ ಅಪ್ಪನ ಮನೆಗೆ ಯಾರೂ ಕಾಳು ತರಲಿಲ್ಲ. ಕೊಡಬೇಡಿ ಅಂತ ಓದಿದ್ದು ನಾನೇ. ಹೊಲ ಹಂಚಿದ್ದು ಸರಿ. ಆದರೆ ನಾನು ಮಗಳು, ನಾನಾದರೂ ಒಂದು ಹಿಡಿ ಒಯ್ದು ಕೊಡಬಹುದಿತ್ತು. ಬಂಡಾಯದವಳು ಅಂತ ಬಿಗುಮಾನ," ಎಂದರು. "ತಪ್ಪು ಅನ್ನುವುದಿಲ್ಲ. ಪಾಲು ಕೊಡುತ್ತೇನೆ."

ಅಜ್ಜನ ಮುಡಿ ಕುಂದಾಪುರದ ಮಾತು. ಅಲ್ಲಿ ಮೊಕ್ತೇಸರರಿಗೂ ಅಜ್ಜನಿಗೂ ಅದರ ಅರ್ಥ ಗೊತ್ತಿತ್ತು. ಇಲ್ಲಿ ಕಾಯಿಲೆಯ ಅಣ್ಣ ಇದನ್ನು ಹಂಗಿಸಲು ತಂದದ್ದು ಎಂದುಕೊಂಡರೆ? ಆವತ್ತು ಕಿತ್ತುಕೊಂಡು ಇವತ್ತು ಚೀಲದಲ್ಲಿ ತಂದು ಅಳೆಯುತ್ತಿದ್ದಾಳೆ ಎಂದುಕೊಂಡರೆ? ನನ್ನ ಬಾಯಿ ಸುಮ್ಮನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ದಾರಿಯುದ್ದಕ್ಕೂ ಸಂಕಟಪಟ್ಟೆ. ಆಂಟಿ ಮಾತ್ರ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸೀಟ್ ಬೆಲ್ಟ್ ಅದರ ಮೇಲಿಂದಲೇ ಹಾಕಿಕೊಂಡಿದ್ದರು.

ಅವತ್ತು ಅವರು ರಸ್ತೆ ದಾಟಿದರು. ಚರ್ಚಿನ ಬಾಗಿಲ ಮುಂದೆ ಗಂಟನ್ನಿಟ್ಟು, ಬಾಗಿಲ ಕಂಬಕ್ಕೆ ತುಟಿ ಮುಟ್ಟಿಸಿ, ತಟ್ಟದೆ ವಾಪಸು ಬಂದು ಬೆಂಚಿನಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಒಬ್ಬ ಬಂದು ಅದನ್ನು ನೋಡಿದ, ಎತ್ತಿಕೊಂಡು ಒಳಗೆ ಹೋದ. ಪ್ರಾರ್ಥನೆ ಮುಗಿಯುವವರೆಗೆ ಏನೂ ಇಲ್ಲ. ನಾವು ಹೊರಡುವಾಗ ಅದೇ ಮನುಷ್ಯ ರಸ್ತೆ ದಾಟಿ ಬಂದು, ಮಡಿಸಿದ ಹೊದಿಕೆಯನ್ನು ಆಂಟಿಯ ಕೈಗೆ ಕೊಟ್ಟು, ಮಾಸ್ಕಿನೊಳಗೇ ಏನೋ ಗೊಣಗಿ ಹೋದ. ಕಾಳು ಇರಲಿಲ್ಲ. ಒಳಗೆ ಉಳಿದಿತ್ತು.

ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದು ಮಾಡಿ ಹಿಂದಿರುಗಿಸುವುದಿಲ್ಲ. ಅವರ ಕಡೆ ಹೇಗೋ ನಾನು ಕೇಳಲಿಲ್ಲ. ಆಂಟಿಯ ಬೆರಳು ಬಟ್ಟೆಯ ಅಂಚನ್ನು ಸವರುತ್ತ ಹೋಗಿ ಒಂದು ಮೂಲೆಯಲ್ಲಿ ನಿಂತಿತು. ಅಲ್ಲಿ ಗಂಟು. ಮೂಸಿದರು. ಧೂಪದ ಅಂಟಿನ ಹರಳು.

"ಅಪ್ಪ ಹೊದಿಕೆಯ ಮೂಲೆಯಲ್ಲಿ ಹೀಗೇ ಕಟ್ಟಿಟ್ಟುಕೊಳ್ಳುತ್ತಿದ್ದ. ಎರಡು ಸುತ್ತು, ತುದಿ ಒಳಗೆ. ಈ ಗಂಟು ಗೊತ್ತಿರುವವರು ಈಗ ಇಬ್ಬರೇ," ಎಂದು ಹೇಳಿ ಅಳಲು ಶುರುಮಾಡಿದರು. ನಾನೂ ಅತ್ತೆ. ಆ ಇಡೀ ವರ್ಷದಲ್ಲಿ ಸಂತೋಷಕ್ಕೆ ಅತ್ತದ್ದು ಅದೊಂದೇ ಸಲ.

ಗಂಟು ಬಿಚ್ಚದೆ ಬಟ್ಟೆಯನ್ನು ಡಿಕ್ಕಿಯಲ್ಲಿ ಮ್ಯಾಟಿನ ಕೆಳಗೆ ತಾವೇ ಇಟ್ಟರು. "ಇಲ್ಲೇ ಇರಲಿ, ಧೂಳು ಮುಟ್ಟುವುದಿಲ್ಲ. ಮುಂದಿನ ಸಲ ಕಾಳು ಕಟ್ಟಲು ಬೇಕು," ಎಂದರು.

ಮುಂದಿನ ಸಲ ಹೋದಾಗ ಕಾಳು ತರಲಾಗಲಿಲ್ಲ. ತೆಫ್ ಸಿಗುವ ಅಂಗಡಿ ಆ ವಾರ ಮುಚ್ಚಿತ್ತು. ಬರಿಗೈಯಲ್ಲಿ ರಸ್ತೆ ದಾಟುವುದಿಲ್ಲ ಎಂದು ಆಂಟಿ ಬೆಂಚಿನಲ್ಲೇ ಕೂತರು. ಪ್ರಾರ್ಥನೆ ಮುಗಿಯಿತು. ಚರ್ಚಿನ ಬಾಗಿಲು ತೆರೆಯಿತು. ಮೊದಲು ಕಂಡದ್ದು ಕೊಡೆ... ಕಡುಗೆಂಪು ಮಖಮಲ್ಲು, ಸುತ್ತ ಜಾಲರಿ. ಅದರ ಕೆಳಗೆ ಬಿಳಿ ಬಟ್ಟೆ ತೊಟ್ಟ ಮುದುಕರು, ಒಬ್ಬನ ತೋಳು ಹಿಡಿದು ನಿಂತಿದ್ದರು. ಮೂಗು ಥೇಟ್ ಆಂಟಿಯದ್ದೇ. ಅವರು ಅಲ್ಲಿಂದ ಇತ್ತ ನೋಡಿದರು. ಆಂಟಿ ಎದ್ದು ನಿಂತರು. ರಸ್ತೆಯ ಅಗಲ ಅಷ್ಟೇ ಮಧ್ಯೆ. ಮುದುಕರು ಕೊಡೆ ಹಿಡಿದವನಿಗೆ ಏನೋ ಹೇಳಿದರು, ಅವನು ಕೊಡೆಯನ್ನು ರಸ್ತೆಯ ಕಡೆಗೆ ಸ್ವಲ್ಪ ಚಾಚಿದ. ಕರೆದದ್ದೋ, ಹರಸಿದ್ದೋ, ಬಿಸಿಲಿಗೆ ಅಡ್ಡ ಹಿಡಿದದ್ದೋ ಹೇಳಲಾರೆ. ಆಂಟಿ ಒಂದು ಹೆಜ್ಜೆ ಮುಂದಿಟ್ಟರು.

ಅಷ್ಟರಲ್ಲಿ ಬಸ್ಸು ಬಂತು. ಬಂದು ಸ್ಟಾಪಿನಲ್ಲಿ ನಿಂತಿತು, ನಿಲ್ಲುವುದೇ ಅದರ ಕೆಲಸ. ಡ್ರೈವರ್ ಬಾಗಿಲು ತೆರೆದ, ಗಾಲಿಕುರ್ಚಿಯ ಒಬ್ಬರನ್ನು ಇಳಿಸಲು ಹಲಗೆ ಬಿಟ್ಟ. ನಿಧಾನವಾಗಿ, ಬಹಳ ಜೋಪಾನವಾಗಿ ಇಳಿಸಿದ. ಆಂಟಿ ಬಸ್ಸಿನ ಕಿಟಕಿಗಳ ಮೂಲಕ ಆಚೆ ನೋಡಲು ಕತ್ತು ಆ ಕಡೆ ಈ ಕಡೆ ಮಾಡುತ್ತಿದ್ದರು, ಮುಂದಿನಿಂದ ಸುತ್ತಿ ಹೋಗಲು ಓಡುವಂತೆ ಹೆಜ್ಜೆ ಹಾಕಿದರು, ಅಲ್ಲಿ ಎದುರಿಂದ ಕಾರುಗಳು. ಬಸ್ಸು ಹೋದಾಗ ಚರ್ಚಿನ ಬಾಗಿಲು ಮುಚ್ಚಿತ್ತು. ಮುದುಕರಿಗೆ ಹೆಚ್ಚು ಹೊತ್ತು ನಿಲ್ಲಲು ಆಗುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

"ಹೋಗಿ ಬಾಗಿಲು ತಟ್ಟಿ ಆಂಟಿ," ಎಂದೆ. ಬಹುಶಃ ಕೂಗಿದೆ.

"ಅವನು ಬಂದ," ಎಂದರು. "ತಟ್ಟಿದರೆ ಒಳಗಿನವರೆಲ್ಲರ ಎದುರು ಅವನು ಅದನ್ನೇ ಕೇಳಬೇಕಾಗುತ್ತದೆ, ನಾನು ಅದನ್ನೇ ಹೇಳಬೇಕಾಗುತ್ತದೆ. ಮುಂದಿನ ವಾರ ಕಾಳು ತರೋಣ." ಡ್ರೈವ್ ಮಾಡುವಾಗ ನನಗೆ ಆ ಬಸ್ಸಿನ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಮುಂದಿನ ವಾರ ಬರಲಿಲ್ಲ. ಊರಿನಲ್ಲೆಲ್ಲ ಕೊರೋನಾ ಮತ್ತೆ ಏರಿತು, ಅಣ್ಣ ಆಸ್ಪತ್ರೆ ಸೇರಿದರು, ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಕ್ರಿಸ್‌ಮಸ್ ಸುಮಾರಿಗೆ ಹೋಗಿಬಿಟ್ಟರು. ಅಂತ್ಯಕ್ರಿಯೆಗೆ ಕೆಲವರಿಗೆ ಮಾತ್ರ ಅವಕಾಶವಿತ್ತು, ಆ ಕೆಲವರಲ್ಲಿ ಆಂಟಿ ಇರಲಿಲ್ಲ. ಅವರು ಕಾರಿನಲ್ಲಿ ಬೇರೊಂದು ಹೊದಿಕೆ ತೆಗೆದು ತಿರುಗಿಸಿ, ಬಣ್ಣದ ಅಂಚನ್ನು ಕುತ್ತಿಗೆಯ ಸುತ್ತ ತಂದುಕೊಂಡು, ಹೋಗಿ ಅದೇ ಬೆಂಚಿನಲ್ಲಿ ಕೂತರು. ಬಸ್ಸು ಬಂದಾಗ ಕೈ ಅಲ್ಲಾಡಿಸಿದರು.

ವಸಂತದಲ್ಲಿ ನನ್ನ ಗಂಡನಿಗೆ ವೀಸಾ ಆಯಿತು, ಬಂದ. ನಾವು ಸ್ವಲ್ಪ ದೊಡ್ಡ ಮನೆಗೆ ಹೋದೆವು. ಆಂಟಿಯನ್ನು ನೋಡಲು ಹೋಗುತ್ತಿದ್ದೆ, ಕಾಫಿ ಹುರಿಯುತ್ತಿದ್ದರು, ಮೀನಿನ ವಾಸನೆಯಿಲ್ಲದೆ ಉಪವಾಸ ಸಪ್ಪೆಯಾಗಿದೆ ಎನ್ನುತ್ತಿದ್ದರು. ಲಾಸ್ ಏಂಜಲಿಸ್‌ನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಮ್ಮೆ ಮಾತ್ರ, ಕಾಫಿ ಬಗ್ಗಿಸುತ್ತ, "ನಿನ್ನ ಅಜ್ಜನ ಅಕ್ಕಿಯನ್ನು ಕೊನೆಗೆ ಒಳಗೆ ತೆಗೆದುಕೊಂಡರಾ?" ಎಂದು ಕೇಳಿದರು. ತೆಗೆದುಕೊಂಡರು ಎಂದೆ. ಅದು ನಿಜ.

ಎರಡು ವರ್ಷದ ಕೆಳಗೆ ನಿದ್ದೆಯಲ್ಲೇ ತೀರಿಕೊಂಡರು. ಅಂತಿಮ ಪ್ರಾರ್ಥನೆ ಆ ಚರ್ಚಿನಲ್ಲೇ ಎಂದು ತಿಳಿದಾಗ ಆಶ್ಚರ್ಯವಾಯಿತು. ಅಷ್ಟು ಹೊತ್ತಿಗೆ ಹೊಸ ಪಾದ್ರಿ ಬಂದಿದ್ದರು, ಹರೆಯದವರು. ಹಳೆಯ ಜಗಳ ಅವರಿಗೆ ಗೊತ್ತೂ ಇರಲಿಲ್ಲವೇನೋ. ಪೆಟ್ಟಿಗೆಯನ್ನು ನಾಲ್ಕು ಜನ ಎತ್ತಿದರು, ಮೇಲೆ ಕಡುಗೆಂಪು ಕೊಡೆ ಹಿಡಿದರು, ಎರಡೂ ಬಾಗಿಲು ಪೂರಾ ತೆರೆದರು. ಆಂಟಿ ಒಳಗೆ ಹೋದರು. ಯಾರೂ ಅವರನ್ನು ಏನೂ ಕೇಳಲಿಲ್ಲ.

ನಾನೂ ಒಳಗೆ ಹೋಗಬಹುದಿತ್ತು, ಬಾ ಎಂದು ಕರೆದರು ಕೂಡ. ನನ್ನ ಕಾಲು ರಸ್ತೆಯ ಈಚೆಗೇ ಎಳೆಯಿತು. ಆ ಬೆಂಚಿನಲ್ಲಿ ಒಬ್ಬರಾದರೂ ಇರಬೇಕು ಎನ್ನಿಸಿತು. ಕೂತೆ. ಬಸ್ಸು ಬಂತು, ಡ್ರೈವರ್ ಬಾಗಿಲು ತೆರೆದು ನನ್ನ ಮುಖ ನೋಡಿದ, ನಾನು ಕೈ ಅಲ್ಲಾಡಿಸಿದೆ...

"ಮೇಡಂ, ಇದು ನಿಮ್ದೇ ಏನು? ಇಟ್ಕಳ್ಳಿ," ಎಂದಳು ದಾವಣಗೆರೆಯ ಹುಡುಗಿ, ಹೊದಿಕೆ ಹಿಡಿದು ನಿಂತಿದ್ದ ನನ್ನನ್ನೇ ನೋಡುತ್ತ. ಪಾಪ, ಎಷ್ಟು ಹೊತ್ತಿನಿಂದ ಕಾಯುತ್ತಿದ್ದಳೋ. ಕಾಗದಗಳಿಗೆ ಸೈನ್ ಹಾಕಿ ಕೀ ಕೊಟ್ಟೆ. ಅವಳು ಸೀಟು ಸರಿಮಾಡಿಕೊಂಡು, ಕನ್ನಡಿ ತಿರುಗಿಸಿಕೊಂಡು, ಹೆದರುತ್ತ ಹೆದರುತ್ತ ಕಾರನ್ನು ರಸ್ತೆಗೆ ಇಳಿಸಿದಳು. ಪಕ್ಕದ ಸೀಟು ಖಾಲಿಯಿತ್ತು.

ಗಂಟನ್ನು ಬಿಚ್ಚಲಿಲ್ಲ. ಎರಡು ಸುತ್ತು, ತುದಿ ಒಳಗೆ. ಆ ಗಂಟು ಕಟ್ಟಲು ಬರುವವರು ಈಗ ಒಬ್ಬರೂ ಇಲ್ಲ. ಹೊದಿಕೆಯನ್ನು ಕೊಡವಿ ತಿರುಗಿಸಿ, ಬಣ್ಣದ ಅಂಚು ಕುತ್ತಿಗೆಗೆ ಬರುವಂತೆ ಹೊದ್ದುಕೊಂಡು, ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಮನೆಯ ಮುಂದೆ ನಿಂತಿದ್ದೆ.